ಎಡಗೈ ಅರದ ಗೆರೆಗಳು

ಹಳೆಯ ಬಂದೂಕುಗಳ ಸಂತೆಯಲ್ಲಿ ಮಾಲಿಗಿಂತ ಮಾಲಿನ ಕತೆಗೆ ಬೆಲೆ ಜಾಸ್ತಿ. ಒಂದೇ ಸ್ಕ್ರೂ, ಕತೆಯಿಲ್ಲದಿದ್ದರೆ ತುಕ್ಕುಡಬ್ಬಿಯ ತಳದಲ್ಲಿ ಬಿದ್ದಿರುತ್ತದೆ. ಯುದ್ಧಕ್ಕೆ ಹೋಗಿ ಬಂದದ್ದು ಅಂದರೆ ಸಾಕು, ಹತ್ತಿಯ ಹಾಸಿಗೆಯ ಮೇಲೆ ಮಲಗಿ ಗಾಜಿನ ಮುಚ್ಚಳ ಹೊದೆಯುತ್ತದೆ. ಈ ವ್ಯಾಪಾರದಲ್ಲಿ ಕತೆ ಮಾರದೆ ಬರೀ ಮಾಲು ಮಾರಿ ಮುದುಕನಾದವನು ಫಿನ್ಲೆಂಡಿನ ಸಾವೊ ಸೀಮೆಯ ಪೊಹ್ಯಲಹ್ತಿ ಊರಿನ ಸುಲೊ ಹಾಪಕಂಗಾಸ್. ಅದಕ್ಕೇ ಅವನ ಕಾರಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ಎಳೆಯಬೇಕಿತ್ತು.

ಸುಲೊ ಮಾಡುತ್ತಿದ್ದುದು ನಕಲು. ಅದನ್ನವನು ಎಂದೂ ಬಚ್ಚಿಟ್ಟವನಲ್ಲ. ಕೃಷಿಯಂತ್ರಗಳ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ಪಿಂಚಣಿ ಹಿಡಿದ ಮೇಲೆ, ಮನೆಯ ಹಿಂದಿನ ಕೊಟ್ಟಿಗೆಯನ್ನೇ ಕಾರ್ಯಾಗಾರ ಮಾಡಿಕೊಂಡು, ಯುದ್ಧಕಾಲದ ಗುರಿಕಾರರ ದುರ್ಬೀನು ಬಂದೂಕುಗಳನ್ನು ಅವು ಹುಟ್ಟಿದ ದಿನ ಹೇಗಿದ್ದವೋ ಹಾಗೇ ಮತ್ತೆ ಕಟ್ಟುತ್ತಿದ್ದ. ಅಸಲಿ ಬಂದೂಕುಗಳು ಉಳಿದಿರುವುದೇ ಬೆರಳೆಣಿಕೆಯಷ್ಟು. ಇಟ್ಟುಕೊಂಡವರು ಬೀರುವಿನಿಂದ ಹೊರಗೆ ತೆಗೆಯುವುದಿಲ್ಲ. ಹಳೆಯ ಬಂದೂಕಿನ ಪಂದ್ಯಕ್ಕೆ ಇಳಿಯುವ ಕ್ಲಬ್ಬಿನವರಿಗೆ ನಕಲೇ ಗತಿ.

ನಕಲು ಅಂದ ಮಾತ್ರಕ್ಕೆ ಸಡಿಲ ಅಂತಲ್ಲ. ಮರದ ಭಾಗ ಬರ್ಚಿನದೇ ಆಗಬೇಕು. ಅದರ ಮುಂತುದಿಯನ್ನು ಎರಡು ಕೈಬೆರಳು ಹೆಣೆದಂತೆ ಹೆಣೆದು ಅಂಟಿಸಿರಬೇಕು. ಚಳಿಗೆ ಮರ ತಿರುಚಿಕೊಳ್ಳದಿರಲೆಂದು ಆ ಕಾಲದವರು ಕಂಡುಕೊಂಡ ಉಪಾಯ ಅದು. ಬಳಿಯುವ ಎಣ್ಣೆಯಲ್ಲಿ ಪೈನ್ ಮರದ ಡಾಂಬರು ಬೆರೆತಿರಬೇಕು. ಆ ವಾಸನೆಯ ಅಂಗಿಯನ್ನು ಹೆಂಡತಿ ಹೆಲ್ವಿ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ವರ್ಷವಿಡೀ ಬಾಗಿಲಾಚೆಯ ಮೊಳೆಗೆ ನೇತುಬಿದ್ದಿದ್ದು, ಜನವರಿಯಲ್ಲಿ ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಆಗಿನ ಸ್ಕ್ರೂಗಳ ತಲೆಯ ಸೀಳು ಈಗಿನದಕ್ಕಿಂತ ಕೂದಲೆಳೆಯಷ್ಟು ಕಿರಿದು ಎಂದು ಸುಲೊ ಅವನ್ನೂ ತಾನೇ ಕೊರೆದುಕೊಳ್ಳುತ್ತಿದ್ದ.

ಎರಡು ವಿಷಯದಲ್ಲಿ ಮಾತ್ರ ಅವನು ಯಾರಿಗೂ ಜಗ್ಗುತ್ತಿರಲಿಲ್ಲ. ತಾನು ಮಾಡಿದ ತುಂಡಿನ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲೇ, ಪುಟ್ಟದೊಂದು ಎಲೆಯ ಮುದ್ರೆ ಹೊಡೆಯುತ್ತಿದ್ದ. ಹಾಪ ಅಂದರೆ ಗಾಳಿಯಿಲ್ಲದಿದ್ದರೂ ಎಲೆ ನಡುಗಿಸುವ ಮರ. ಅವನ ಮನೆತನದ ಹೆಸರು ಅದರಿಂದಲೇ ಬಂದದ್ದು. ಆ ಎಲೆ ಕಂಡರೆ ಇದು ಸುಲೊ ಮಾಡಿದ ನಕಲು ಅಂತ ಎಲ್ಲರಿಗೂ ತಿಳಿಯಬೇಕು. ಎರಡನೆಯದಾಗಿ, ಹೊಸ ಮಾಲಿಗೆ ಮುಪ್ಪು ಬರಿಸುತ್ತಿರಲಿಲ್ಲ.

“ಒಂದಿಷ್ಟು ಗೀರು, ಒಂದಿಷ್ಟು ತುಕ್ಕು ಹಾಕ್ಕೊಡು ಸುಲೊ, ಯುದ್ಧ ನೋಡ್ಕೊಂಡು ಬಂದ ಹಾಗೆ ಕಾಣ್ಲಿ,” ಅಂದ ಗಿರಾಕಿಯೊಬ್ಬನಿಗೆ ಅವನು, “ನಿನ್ನ ಹತ್ರಾನೇ ಇಟ್ಕೋ, ತಾನಾಗೇ ಬರುತ್ತೆ. ನಿನ್ನ ಮುಖಕ್ಕೆಲ್ಲ ನಾನು ಹಾಕಿದ್ನಾ?” ಅಂದಿದ್ದ.

ಹೀಗೆ ವ್ಯಾಪಾರ ಕೆಡಿಸಿಕೊಂಡೇ ಅವನು ಒಂದು ಆಸ್ತಿ ಮಾಡಿದ್ದ: ಅವನ ಮಾತು. ಸುಲೊ ನೋಡಿ ಅಸಲಿ ಅಂದರೆ ಅದು ಅಸಲಿ. ಸಂತೆಯಲ್ಲಿ ಅವನು ನಡೆದುಬಂದರೆ ಕೆಲವು ಮೇಜುಗಳ ಮೇಲಿನ ಬಟ್ಟೆ ತಾನಾಗಿ ಸರಿದು ಮಾಲನ್ನು ಮುಚ್ಚಿಕೊಳ್ಳುತ್ತಿತ್ತು.

ಆ ಆಸ್ತಿಯ ಬೆಲೆ ಸುಲೊನಿಗಿಂತ ಚೆನ್ನಾಗಿ ಗೊತ್ತಿದ್ದವನು ಇಲ್ಮೊ ತಸ್ಕಿನೆನ್. ಊರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವನು, ಈಗ ಗುರಿಕಾರರ ಕ್ಲಬ್ಬಿನ ಅಧ್ಯಕ್ಷ. ಸೈನ್ಯದ ತರಬೇತಿಯಲ್ಲಿ ಇಬ್ಬರೂ ಒಂದೇ ಬಂಕಿನ ಮೇಲೆ ಕೆಳಗೆ ಮಲಗಿದವರು. ಅಂದಿನಿಂದ ಗುರುವಾರ ಬಂತೆಂದರೆ ಹೆಲ್ವಿಯ ಮೇಜಿನಲ್ಲಿ ಬಟಾಣಿ ಸೂಪಿನ ಮೂರನೇ ತಟ್ಟೆ ಇಲ್ಮೊನದು. ಅವನ ಬಾಯಿಂದ ನೆಟ್ಟಗೆ ಹೌದು ಅಂತಲೋ ಇಲ್ಲ ಅಂತಲೋ ಕೇಳಿದವರಿಲ್ಲ. ಮಳೆ ಬರುತ್ತೇನಯ್ಯಾ ಅಂದರೆ, “ಆಕಾಶ ಅಂತೂ ಅಲ್ಲೇ ಇದೆ” ಅನ್ನುವ ಜಾತಿ.

ಆ ವರ್ಷ ಮೇ ತಿಂಗಳಲ್ಲಿ, ಸರೋವರದ ಹಿಮ ಒಡೆದು ನೀರು ಕಾಣುವ ಹೊತ್ತಿಗೆ, ಇಲ್ಮೊ ಕಂಬಳಿಯಲ್ಲಿ ಸುತ್ತಿದ ಬಂದೂಕೊಂದನ್ನು ಕೊಟ್ಟಿಗೆಗೆ ತಂದ. ಅವನ ಬೀರುವಿನಲ್ಲಿ ಅದು ಇದೆಯೆಂದು ಸುಲೊನಿಗೆ ಗೊತ್ತಿತ್ತು. ದೂರದಿಂದ ನೋಡಿದ್ದನೇ ಹೊರತು ಇಲ್ಮೊ ಎಂದೂ ಕೈಗೆ ಕೊಟ್ಟಿರಲಿಲ್ಲ.

“ಕ್ಲಬ್ಬಿಗೆ ಇದರ ಜೋಡಿ ಒಂದು ಕಟ್ಕೊಡು,” ಅಂದ ಇಲ್ಮೊ. “ಆಗಸ್ಟ್ ಪಂದ್ಯಕ್ಕೆ. ಇದನ್ನ ಎದುರಿಗಿಟ್ಕೊಂಡು ಅಳತೆ ತಗೋ.”

ಸುಲೊ ಕಂಬಳಿ ಬಿಚ್ಚಿದ. ಬಂದೂಕು ಅಂಥದ್ದೇನಲ್ಲ, ಊರಿಗೆ ಹತ್ತು ಸಿಗುತ್ತವೆ. ಆದರೆ ಅದರ ಎಡಮಗ್ಗುಲಿಗೆ ಕಚ್ಚಿಕೊಂಡು ದುರ್ಬೀನನ್ನು ಎತ್ತಿ ಹಿಡಿಯುವ ಒಂದು ಉಕ್ಕಿನ ತುಂಡಿತ್ತು. ಕಾಲು ಅನ್ನುತ್ತಾರೆ ಅದನ್ನು. ಕಾಲಿದ್ದರೆ ಅದು ಗುರಿಕಾರನ ಬಂದೂಕು, ಇಲ್ಲದಿದ್ದರೆ ಗೋಡೆಯ ಅಲಂಕಾರ. ಈ ಕಾಲು ಕಪ್ಪಿಟ್ಟು, ಸಣ್ಣಗೆ ಗುಳಿಬಿದ್ದು, ಕಾಯಿಲೆಯಿಂದ ಎದ್ದವರ ಚರ್ಮದಂತಿತ್ತು.

“ಎಲ್ಲಿಂದ ಬಂತೋ ಇದು?”

“ಬರೋದು ಎಲ್ಲಿಂದಲೋ ಬರುತ್ತೆ. ನೋಡೋನು ನೀನು, ನಾನೇನು ಹೇಳ್ಲಿ?” ಇಲ್ಮೊ ಬೆರಳು ತೋರಿಸಿದ. “ಸ್ಪ್ರಿಂಗ್ ಮೇಲಿನ ಆ ಸ್ಕ್ರೂ ಇದ್ಯಲ್ಲ, ಅದೊಂದನ್ನ ಬಿಚ್ಚಬೇಡ ಮಾರಾಯ. ಅದರ ಮೇಲಿನ ತುಕ್ಕು ಹಾಗೇ ಇರ್ಲಿ.”

ಸುಲೊ ಆಗಲಿ ಅಂದ. ಅವನಿಗೆ ಈ ಮಾತು ಹಿಡಿಸಿತು. ಹಳೆಯ ತುಕ್ಕಿನ ಮೇಲೆ ಗೌರವ ಇರುವವರು ಕಡಿಮೆ.

ಅವನು ಕಾಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ. ದುರ್ಬೀನು ಕೂರುವ ಬಟ್ಟಲಿನೊಳಗೆ, ತುಕ್ಕು ತಾಗದೆ ಉಳಿದ ಮೂಲೆಯಲ್ಲಿ, ಉಕ್ಕು ಸವೆಸುವ ಅರ ತಿಕ್ಕಿದ ಗೆರೆಗಳು ಇನ್ನೂ ಇದ್ದವು. ಅವು ವಾಲಿದ್ದ ದಿಕ್ಕು ನೋಡಿ ಮುದುಕ ಭೂತಗನ್ನಡಿ ತೆಗೆದು ಒರೆಸಿ ಮತ್ತೆ ಸಿಕ್ಕಿಸಿಕೊಂಡ. ಬಲಗೈಯವರ ಅರ ಹಾಗೆ ಓಡುವುದಿಲ್ಲ. ಇದನ್ನು ತಿಕ್ಕಿದವನು ಎಡಚ.

ಸುಲೊ ಕೂಡ ಎಡಚನೇ. ಶಾಲೆಯಲ್ಲಿ ಮೇಷ್ಟ್ರು ಆ ಕೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಯಿಸಿದ್ದರು. ಕಾರ್ಖಾನೆಯಲ್ಲಿ ಅವನಿಗಾಗಿ, ತುಂಡನ್ನು ಕಚ್ಚಿ ಹಿಡಿಯುವ ವೈಸನ್ನು ತಿರುಗಿಸಿ ಕೂರಿಸುವಾಗ ಫೋರ್‌ಮನ್ ಗೊಣಗದ ದಿನವಿರಲಿಲ್ಲ. ಬದುಕಿನುದ್ದಕ್ಕೂ ಅವನು ಕಂಡ ಅರದ ಗೆರೆಗಳೆಲ್ಲ ತನ್ನದಕ್ಕೆ ಅಡ್ಡ. ಈಗ, ಯುದ್ಧದ ನಡುವೆ ಯಾವುದೋ ತಣ್ಣನೆ ಶೆಡ್ಡಿನಲ್ಲಿ ನಿಂತು ತನ್ನಂತೆಯೇ ಅರ ಹಿಡಿದವನೊಬ್ಬ ಸಿಕ್ಕಿದ್ದ.

“ಹೆಲ್ವಿ!” ಅಂಗಿ ಬಿಚ್ಚುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದ. “ಎಡಚ ಕಣೇ! ನಲವತ್ಮೂರನೇ ಇಸವೀಲಿ ಒಬ್ಬ ಎಡಚ!”

“ಅಂಗಿ,” ಅಂದಳು ಹೆಲ್ವಿ.

ಅಂದಿನಿಂದ ಆ ಮನುಷ್ಯನಿಗೆ ಮನೆಯಲ್ಲಿ ಒಂದು ಹೆಸರಾಯಿತು: ವಸುರಿ. ಎಡಚ ಅಂತಲೇ ಅದರರ್ಥ. ಬೇಸಿಗೆಯುದ್ದಕ್ಕೂ ಸುಲೊ ಅವನ ಜೊತೆ ಕೆಲಸ ಮಾಡಿದ. ವಸುರಿ ಈ ಅಂಚನ್ನು ದುಂಡಗೆ ಮಾಡಿದ್ದಾನೆ, ಚಳಿಯಲ್ಲಿ ಕೈಗವಸಿಗೆ ಸಿಕ್ಕಿಕೊಳ್ಳಬಾರದು ಅಂತ. ವಸುರಿಗೆ ಆತುರವಿತ್ತು, ಆದರೂ ಮೂಲೆ ಬಿಟ್ಟಿಲ್ಲ. ಸುಲೊ ಎಲ್ಲವನ್ನೂ ತನ್ನ ನಕಲಿನಲ್ಲಿ ಹಾಗೆಹಾಗೆಯೇ ತೆಗೆದ. ಊಟದ ಮೇಜಿನಲ್ಲೂ ಅದೇ ಮಾತು.

“ನೀನೂ ಒಂದು ಸಲ ಇಲ್ಮೊಗೆ ಇಂಥದ್ದೊಂದು ಮಾಡ್ಕೊಟ್ಟಿದ್ಯಲ್ಲ, ನಾವು ಮದುವೆಯಾದ ಹೊಸದರಲ್ಲಿ,” ಅಂದಳು ಹೆಲ್ವಿ ಒಂದು ದಿನ.

“ಅದು ಅವನ ಕಡವೆ ಬೇಟೆ ಬಂದೂಕಿಗೆ. ಯಾವುದೋ ಮುರುಕು ಕಾಲು ತಂದು ತೋರಿಸಿ ಮಾಡಿಸ್ಕೊಂಡ. ಒಂದೇ ವರ್ಷಕ್ಕೆ ದೋಣಿ ಮಗುಚಿ ಕೆರೆಗೆ ಬಿತ್ತಲ್ಲ.” ಸುಲೊ ಕೈ ಝಾಡಿಸಿದ. “ಆಗ ನಂಗೆ ಅರ ಹಿಡಿಯೋಕೂ ಸರಿಯಾಗಿ ಬರ್ತಿರಲಿಲ್ಲ. ವಸುರಿ ಎಲ್ಲಿ, ನಾನೆಲ್ಲಿ.”

“ಹಾಗಾದ್ರೆ ವಸುರಿಗೂ ಒಂದು ಲೋಟ ಇಡ್ಲಾ?” ಅಂದ ಹೆಲ್ವಿ ತಮಾಷೆಗೆ ನಾಲ್ಕನೇ ಕಾಫಿ ಲೋಟವನ್ನು ಮೇಜಿಗಿಟ್ಟಳು. ಅದು ಹಾಗೇ ಅಲ್ಲಿ ಉಳಿದುಕೊಂಡಿತು. ಗುರುವಾರ ಬಂದ ಇಲ್ಮೊ ಅದನ್ನು ನೋಡಿ ನಕ್ಕು, ತನ್ನ ಲೋಟ ಮುಂದಕ್ಕೆ ಸರಿಸಿದ.

ಜೂನಿನ ನಡುಬೇಸಿಗೆ ಹಬ್ಬಕ್ಕೆ ಇಲ್ಮೊ ಸರೋವರದ ದಡಕ್ಕೆ ಎಲ್ಲರನ್ನೂ ಕರೆದ. ಬೆಂಕಿ ಉರಿಯಿತು, ಸಾಸೇಜು ಸಿಡಿಯಿತು, ಸೊಳ್ಳೆಗಳು ತಮ್ಮ ಪಾಲು ತೆಗೆದುಕೊಂಡವು. ಅಲ್ಲಿ ಮಾರ್ಕೆತ್ತಾ ಇದ್ದಳು. ಊರಿನ ಪುಟ್ಟ ವಸ್ತುಸಂಗ್ರಹಾಲಯದ ಬೀಗದ ಕೈ ಅವಳ ಹತ್ತಿರ. ಅವಳ ಅಪ್ಪ ಯುದ್ಧದಲ್ಲಿ ಗುರಿಕಾರನಾಗಿದ್ದ. ಬಂದ ಮೇಲೆ ಹಸು ಕಟ್ಟಿಕೊಂಡು, ಅದರ ಬಗ್ಗೆ ಒಂದು ಮಾತೂ ಆಡದೆ ಸತ್ತ. ಅವಳ ಹತ್ತಿರ ಇದ್ದದ್ದು ಒಂದೇ ಫೋಟೋ: ಹಿಮದಲ್ಲಿ ಒಬ್ಬ ಹುಡುಗ, ಕೈಯಲ್ಲಿ ದುರ್ಬೀನಿನ ಬಂದೂಕು, ಎರಡೂ ಮಸುಕು.

“ಸುಲೊ, ಅದೇನೋ ಎಡಚನ ಕತೆ ಹೇಳ್ತಿದ್ಯಲ್ಲ, ಮಾರ್ಕೆತ್ತಾಗೂ ಹೇಳು,” ಅಂದ ಇಲ್ಮೊ ಸಾಸೇಜಿಗೆ ಸಾಸಿವೆ ಹಚ್ಚುತ್ತಾ.

ಸುಲೊನಿಗೆ ಅಷ್ಟು ಸಾಕಿತ್ತು. ಕೆಲವೇ ಕೆಲವು ಕಾಲುಗಳನ್ನು ಕೈಯಿಂದ ಮಾಡಿದ್ದು, ಅದರಲ್ಲಿ ಎಡಚನೊಬ್ಬ ಮಾಡಿದ್ದೆಂದರೆ ಇದೊಂದೇ ಇರಬೇಕು, ಇಂಥದ್ದನ್ನು ತಾನು ಇನ್ನೆಲ್ಲೂ ಕಂಡಿಲ್ಲ ಎಂದೆಲ್ಲ ಬೆಂಕಿಯ ಬೆಳಕಿನಲ್ಲಿ ಕೈ ಆಡಿಸುತ್ತಾ ಹೇಳಿದ. ಇಲ್ಮೊ ಮೆಲ್ಲಗೆ ಅವಳ ಚೀಲದಿಂದ ಅಪ್ಪನ ಫೋಟೋ ಹೊರಗೆ ತೆಗೆಸಿದ. ಫೋಟೋದಲ್ಲೂ ಬಂದೂಕಿನ ಕಾಲಿನ ಅಂಚು ದುಂಡಗಿರುವ ಹಾಗೆ ಕಾಣುತ್ತಿತ್ತು. ಮಸುಕಿನಲ್ಲಿ ಎಲ್ಲ ಅಂಚೂ ದುಂಡಗೇ ಕಾಣುತ್ತದೆ.

“ಇದು ಅಪ್ಪನದೇ ಇರಬೋದಾ?” ಮಾರ್ಕೆತ್ತಾಳ ದನಿ ಸಣ್ಣದಾಗಿತ್ತು.

ಇಲ್ಮೊ ಭುಜ ಕುಣಿಸಿ ಸುಲೊನ ಕಡೆ ನೋಡಿದ. “ತಿಳಿದೋನು ಅಲ್ಲಿ ಕೂತಿದ್ದಾನೆ.”

“ಕಾಲು ಯುದ್ಧಕಾಲದ್ದೇ, ಅದಕ್ಕೆ ನಾನು ಜವಾಬ್ದಾರಿ,” ಅಂದ ಸುಲೊ. “ನಿಮ್ಮಪ್ಪನದೇ ಅನ್ನೋಕೆ ನಾನ್ಯಾರು? ಅಲ್ಲ ಅನ್ನೋಕೂ ಕಾರಣ ಕಾಣ್ತಿಲ್ಲ.”

ವ್ಯಾಪಾರದಲ್ಲಿ ಇಷ್ಟು ಮಾತಿಗೆ ಗಿರಾಕಿ ಚೀಲ ಬಿಚ್ಚುತ್ತಾನೆ. ಮಾರ್ಕೆತ್ತಾಳ ಅಪ್ಪ ಬಿಟ್ಟುಹೋದ ದಡದ ತುಂಡೊಂದಿತ್ತು. ಅಲ್ಲಿ ಅವನೇ ದಿಮ್ಮಿ ಜೋಡಿಸಿ ಕಟ್ಟಿದ ಸೌನಾ ಎಂಬ ಹಬೆಸ್ನಾನದ ಗುಡಿಸಲು, ಮುಂದೆ ತಳದ ಮರಳು ಕಾಣುವ ನೀರು. ಇಲ್ಮೊ ಬಹಳ ವರ್ಷಗಳಿಂದ ಕೇಳುತ್ತಿದ್ದ, ಅವಳು ಕೊಟ್ಟಿರಲಿಲ್ಲ. ಈಗ ಮಾತಾಯಿತು: ದಡ ಇಲ್ಮೊನಿಗೆ, ಬಂದೂಕು ಸಂಗ್ರಹಾಲಯಕ್ಕೆ, ಅಪ್ಪನ ಫೋಟೋದ ಕೆಳಗೆ. ಪಂದ್ಯದ ದಿನ ಎಲ್ಲರೆದುರು ಸಹಿ. ಇಲ್ಮೊ ಬೇಟೆಗಾರ, ಎದುರಿನ ಪ್ರಾಣಿ ತಾನಾಗಿ ಹತ್ತಿರ ಬರುವವರೆಗೆ ಉಸಿರು ಬಿಡದೆ ಕೂರಬಲ್ಲ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಸುಲೊನ ಜೋಡಿ ಸಿದ್ಧವಾಗಿತ್ತು. ಬರ್ಚಿನ ಮರ ಜೇನುಬಣ್ಣಕ್ಕೆ ತಿರುಗಿತ್ತು, ಎಲೆಯ ಮುದ್ರೆ ಕಾಲಿನ ಹೊರಮೈಯಲ್ಲಿ ಹೊಳೆಯುತ್ತಿತ್ತು. ಒಂದೇ ಒಂದು ಕೊರತೆ. ಇಲ್ಮೊ ತಂದ ಹಳೆಯ ಕಾಲಿನ ಕೊಂಡಿ ಮುಚ್ಚಿದರೆ ಚುಕ್ ಅಂತ ಮೆತ್ತಗೆ ಕೂರುತ್ತಿತ್ತು. ತನ್ನದು ಕಟಕಟ ಅನ್ನುತ್ತಿತ್ತು. ಅಳತೆ ಮತ್ತೆ ತೆಗೆದ, ಎಲ್ಲ ಸರಿ. ಸ್ಪ್ರಿಂಗ್ ಬದಲಿಸಿದ, ಅದೇ ಕಟಕಟ. ಹಾಗಾದರೆ ಗುಟ್ಟು ಇದ್ದದ್ದು ಆ ಒಂದು ಸ್ಕ್ರೂವಿನ ಕೆಳಗೆ.

ಅವನು ಹೊತ್ತು ಹಾಕಿದ. ಇಲ್ಮೊನಿಗೆ ಮಾತು ಕೊಟ್ಟಿದ್ದ. ಆದರೆ ವಸುರಿ ಇಲ್ಲೇನು ಮಾಡಿದ್ದಾನೆಂದು ತಿಳಿಯದೆ ಕೆಲಸ ಮುಗಿಸುವುದು ಹೇಗೆ? ತುಕ್ಕಿಗೆ ನೋವಾಗದಂತೆ ಎಣ್ಣೆ ಬಿಟ್ಟು, ಕಾದು, ಸೀಳಿಗೆ ಸರಿಹೊಂದುವ ಕಿರಿದಾದ ತಿರುಪುಳಿ ಹಚ್ಚಿ ಮೆಲ್ಲಗೆ ತಿರುಗಿಸಿದ. ಬಿಟ್ಟುಕೊಟ್ಟಿತು. ಸ್ಪ್ರಿಂಗ್ ಎತ್ತಿದ. ಕೆಳಗೆ, ಸ್ಪ್ರಿಂಗ್ ಕೂರಲು ಕೊರೆದ ಗುಂಡಿ ಒಂದೆಳೆ ಹೆಚ್ಚು ಆಳವಾಗಿ ಹೋಗಿತ್ತು. ಕೈ ತಪ್ಪಿದ ಕೆಲಸ. ಅದನ್ನು ಮುಚ್ಚಲು ಯಾರೋ ಒಂದು ಚೂರು ತಗಡು ಕತ್ತರಿಸಿ ಹಾಸಿದ್ದರು.

“ಅಯ್ಯೋ ವಸುರಿ,” ಅಂದ ಸುಲೊ ಪ್ರೀತಿಯಿಂದ. “ನೀನೂ ತಪ್ತೀಯಾ?”

ಚಿಮಟದಲ್ಲಿ ತಗಡನ್ನು ಎತ್ತಿ ತಿರುಗಿಸಿದ. ಎಣ್ಣೆಯಲ್ಲಿ ಮುಳುಗಿ ಗಾಳಿ ಕಾಣದೆ ಇದ್ದ ಹಿಂಬದಿಯಲ್ಲಿ ಬಣ್ಣ ಹಾಗೇ ಇತ್ತು. ನೀಲಿ. ನೀಲಿಯ ಮೇಲೆ ಹಳದಿ ಹೂವಿನ ಅರ್ಧ.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಎದ್ದ. ಅಂಗಿ ಬಿಚ್ಚಿ ಮೊಳೆಗೆ ಹಾಕಿ ಒಳಗೆ ಹೋದ. ಹೆಲ್ವಿ ಏಲಕ್ಕಿ ಬನ್ನಿಗೆ ಹಿಟ್ಟು ನಾದುತ್ತಿದ್ದಳು. ಅವನು ಅಂಗೈ ಚಾಚಿದ.

ಹೆಲ್ವಿ ಕನ್ನಡಕ ಏರಿಸಿ ನೋಡಿದಳು. ಹಿಟ್ಟಿನ ಕೈಯಲ್ಲೇ ಮೇಲಿನ ಕಪಾಟು ತೆಗೆದು ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿದಳು. ಮದುವೆಗೆ ಸ್ವೀಡನ್ನಿನಿಂದ ಅವಳ ಸೋದರತ್ತೆ ಕಳಿಸಿದ್ದು. ನೀಲಿ ಮೈ, ಹಳದಿ ಹೂ. ಮುಚ್ಚಳದ ಒಂದು ಮೂಲೆ ಇರಲಿಲ್ಲ.

“ಇದನ್ನ ಕತ್ತರಿಸಿದ್ದು ನೀನಾ?” ಅಂದಳು. “ಐನೊಳ ಮಗು ಎಳೆದು ಮುರಿದಿದ್ದು ಅಂತ ನಾನು ನನ್ನ ಸ್ವಂತ ತಂಗಿ ಜೊತೆ ಮಾತು ಬಿಟ್ಟಿದ್ದೀನಲ್ಲೋ! ಅವಳು ಇಲ್ಲ ಇಲ್ಲ ಅಂತ ಅತ್ತಿದ್ಲು!”

“ತಗಡು ಸಿಗ್ಲಿಲ್ಲ ಅವತ್ತು,” ಅಂದ ಸುಲೊ. ಆಮೇಲೆ ಕುರ್ಚಿ ಎಳೆದು ಕೂತ. “ಹೆಲ್ವಿ, ವಸುರಿ ಅಂತ ಯಾರೂ ಇಲ್ಲ ಕಣೇ. ಅದು ನಾನೇ.”

ಹೆಲ್ವಿಯ ಬೈಗುಳ ಅಲ್ಲಿಗೇ ನಿಂತಿತು. ಅವಳು ಮೇಜಿನ ಮೇಲಿನ ನಾಲ್ಕನೇ ಲೋಟವನ್ನು ನೋಡಿದಳು. “ಮತ್ತೆ ಕೆರೆಗೆ ಬಿತ್ತು ಅಂದಿದ್ನಲ್ಲ ಇಲ್ಮೊ?”

“ಅಂದಿದ್ದ.”

“ಕೈ ತೊಳ್ಕೊಂಡು ಸುಮ್ನಿದ್ಬಿಡು ಅಂತ ನಾನು ಹೇಳಲ್ಲ,” ಅಂದಳು ಮತ್ತೆ ಹಿಟ್ಟಿಗೆ ಕೈ ಹಾಕಿ. “ಆದ್ರೆ ನಾಳೆ ನೀನು ಬಾಯಿ ಬಿಟ್ರೆ ನಿನ್ನ ಮಾತಿಗೆ ಬೆಲೆ ಇರಲ್ಲ. ಇಷ್ಟು ವರ್ಷ ಅದೊಂದನ್ನೇ ಕೂಡಿಟ್ಟಿದ್ದೀಯ.”

“ಬಿಡದಿದ್ರೆ ಮಾರ್ಕೆತ್ತಾಳ ದಡ ಹೋಗುತ್ತೆ.”

“ಗೊತ್ತು,” ಅಂದ ಹೆಲ್ವಿ ಹಿಟ್ಟಿಗೆ ಗುದ್ದಿದಳು. “ಅದಕ್ಕೇ ಹೇಳ್ತಿದ್ದೀನಿ, ಗೊತ್ತಿದ್ದೇ ಹೋಗು.”

ಗುರಿ ಮೈದಾನದ ಗುಡಿಸಲಿನಲ್ಲಿ ಮಾರನೇ ದಿನ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಹಂಡೆಯಲ್ಲಿ ಸೂಪು, ಮೇಜಿನ ಮೇಲೆ ಬಂದೂಕುಗಳ ತಪಾಸಣೆ. ಮಾರ್ಕೆತ್ತಾ ಹಬ್ಬದ ಕೋಟು ಹಾಕಿದ್ದಳು, ಅಪ್ಪನ ಫೋಟೋಗೆ ಹೊಸ ಚೌಕಟ್ಟು ಹಾಕಿಸಿ ತಂದಿದ್ದಳು. ಇಲ್ಮೊ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

ಸುಲೊ ಎರಡೂ ಬಂದೂಕು ತಂದು ಮೇಜಿನ ಮೇಲಿಟ್ಟ. ಹಳೆಯದರ ಕಾಲು ಬಂದೂಕಿನಲ್ಲಿರಲಿಲ್ಲ. ಜೇಬಿನಿಂದ ತೆಗೆದು ತಪಾಸಣೆಯ ವೈಸಿಗೆ ಕಚ್ಚಿಸಿದ. ಇನ್ನೊಂದು ಜೇಬಿನಿಂದ ಮುದ್ರೆ ಮತ್ತು ಪುಟ್ಟ ಸುತ್ತಿಗೆ ತೆಗೆದ. ಏನು ನಡೆಯುತ್ತಿದೆಯೆಂದು ಯಾರಾದರೂ ಕೇಳುವ ಮೊದಲೇ ಎಡಗೈ ಎತ್ತಿ ಒಂದೇ ಏಟು ಹೊಡೆದ. ಕಪ್ಪಿಟ್ಟ ಉಕ್ಕಿನ ಮೇಲೆ ಬೆಳ್ಳಗೆ ಒಂದು ಎಲೆ ಮೂಡಿತು.

“ಏಯ್, ಹುಚ್ಚು ಹಿಡೀತಾ ನಿಂಗೆ!” ಇಲ್ಮೊ ಕೂಗಿದ. ಅವನ ಬಾಯಿಂದ ಅಷ್ಟು ನೆಟ್ಟಗಿನ ಮಾತು ಹೊರಟದ್ದು ಅದೇ ಮೊದಲಿರಬೇಕು.

“ಇದು ನಾನು ಮಾಡಿದ್ದು,” ಅಂದ ಸುಲೊ ಮಾರ್ಕೆತ್ತಾಳಿಗೆ. “ಯುದ್ಧಕಾಲದ್ದಲ್ಲ. ಇಲ್ಮೊನ ಬೇಟೆ ಬಂದೂಕಿಗೆ ಅಂತ ಮಾಡಿದ್ದು. ಆಗಿನ್ನೂ ಮುದ್ರೆ ಮಾಡ್ಕೊಂಡಿರಲಿಲ್ಲ, ಈಗ ಹಾಕಿದೆ. ಸಹಿ ಮಾಡಬೇಡಮ್ಮ.” ತಗಡಿನ ಚೂರನ್ನೂ ಹೆಲ್ವಿಯ ಮುಚ್ಚಳವನ್ನೂ ಪಕ್ಕಪಕ್ಕ ಇಟ್ಟ. ಹೂವಿನ ಎರಡು ಅರ್ಧಗಳು ಕೂಡಿಕೊಂಡವು.

ಹಿಂದಿದ್ದವರು ನೋಡಲು ಮೇಜಿನ ಕಡೆ ಒತ್ತಿಕೊಂಡು ಬಂದರು. ಇಲ್ಮೊ ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ಹಾಕಿದ. ಅಷ್ಟರಲ್ಲಿ ಅವನು ಮತ್ತೆ ಅಂಗಡಿಯವನಾಗಿದ್ದ.

“ಅಂದ್ರೆ,” ಅಂದ, ದನಿಯಲ್ಲಿ ನೋವು ತುಂಬಿಕೊಂಡು, “ನಕಲಿ ಮಾಡಿದ್ದು ನೀನು. ನಡುಬೇಸಿಗೇಲಿ ಎಲ್ಲರೆದುರು ಅಸಲಿ ಅಂದದ್ದೂ ನೀನು. ನನ್ನ ಕೈಲಿ ಈ ಪಾಪದ ಹೆಂಗಸಿಗೆ ಅದನ್ನ ಕೊಡಿಸ್ತಿದ್ದೋನೂ ನೀನು. ಸುಲೊ, ಸುಲೊ. ನಾವು ಒಂದೇ ಬಂಕಲ್ಲಿ ಮಲಗಿದೋರು ಕಣೋ.”

ಸುಲೊ ಬಾಯಿ ತೆರೆದ. ದೋಣಿ, ಸರೋವರ, ಬೇಟೆ ಬಂದೂಕು, ಎಲ್ಲವೂ ನಾಲಿಗೆಯ ತುದಿಗೆ ಬಂದು, ಒಂದಕ್ಕೂ ಸಾಕ್ಷಿಯಿಲ್ಲವೆಂದು ಅಲ್ಲೇ ನಿಂತವು. ಮೇಜಿನ ಮೇಲಿದ್ದ ಹೂವು ಹೇಳುತ್ತಿದ್ದುದು ಒಂದೇ ವಿಷಯ, ಕೈ ಯಾರದೆಂದು. ಬಾಯಿ ಯಾರದೆಂದು ತಗಡಿಗೇನು ಗೊತ್ತು?

“ದೋಣಿ ಮಗುಚಿದ್ದು ನಂಗೆ ನೆನಪಿದೆ!” ಅಂದಳು ಬಾಗಿಲ ಬಳಿಯಿಂದ ಹೆಲ್ವಿ. “ಕಾಲು ನೀರುಪಾಲಾಯ್ತು ಅಂತ ನಮ್ಮ ಮೇಜಿನಲ್ಲೇ ಕೂತು ಹೇಳಿದ್ಯಲ್ಲ ಇಲ್ಮೊ, ಸೂಪು ಎರಡು ಸಲ ಹಾಕಿಸ್ಕೊಂಡು!”

“ಹೆಂಡತಿ ಗಂಡನ ಪರ ಮಾತಾಡದೆ ಇನ್ಯಾರ ಪರ ಮಾತಾಡ್ತಾಳೆ,” ಅಂದ ಇಲ್ಮೊ ಮೃದುವಾಗಿ. ಒಬ್ಬಿಬ್ಬರು ನಕ್ಕರು.

ಮಾರ್ಕೆತ್ತಾ ನಗಲಿಲ್ಲ. ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. “ಎರಡು ತಿಂಗಳು,” ಅಂದಳು ಸುಲೊನಿಗೆ. “ಎರಡು ತಿಂಗಳು ನಾನು ಅದರ ಹತ್ರ ಕೂತು ಅಪ್ಪನ ಜೊತೆ ಮಾತಾಡಿದ ಹಾಗೆ ಮಾತಾಡಿದ್ದೀನಿ. ನಿನ್ನ ಕೊಟ್ಟಿಗೇಲಿ, ನೀನು ಬಾಗಿಲು ತೆಗೆದು ಬಿಟ್ಟು ಆಚೆ ಹೋಗ್ತಿದ್ದೆ, ನೆನಪಿದ್ಯಾ? ನಾನು ನಂಬಿದ್ದು ಇಲ್ಮೊನ ಅಲ್ಲ. ನಿನ್ನನ್ನ.” ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಸಹಿ ಮಾಡಲಿಲ್ಲ. ಸುಲೊನಿಗೆ ಅಷ್ಟು ದಕ್ಕಿತು.

ಪಂದ್ಯ ಮಾಮೂಲಿನಂತೆ ನಡೆಯಿತು. ಸುಲೊ ಕಟ್ಟಿದ ಬಂದೂಕನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ಗಿರಾಕಿಗಳು ಬರುವುದು ನಿಂತಿತು. ಶರತ್ಕಾಲದ ಸಂತೆಗೆ ಸುಲೊ ಹೋದಾಗ ಮೇಜುಗಳ ಬಟ್ಟೆ ಸರಿಯಲಿಲ್ಲ. ಮುಚ್ಚಿಕ್ಕುವ ಅಗತ್ಯ ಈಗ ಯಾರಿಗೂ ಇರಲಿಲ್ಲ. “ಏನ್ ಸುಲೊ, ಇವತ್ತೇನು ಹುಟ್ಟಿಸ್ಕೊಂಡು ಬಂದಿದ್ದೀಯ?” ಅಂತ ಒಬ್ಬ ಕೇಳಿದ. ಸಂಗ್ರಹಾಲಯದಲ್ಲಿ ಗುರಿಕಾರನ ಫೋಟೋ ಒಂದೇ ನಿಂತಿತು, ಕೆಳಗೆ ಬಂದೂಕಿಗೆಂದು ಹೊಡೆದ ಎರಡು ಗೂಟಗಳು ಖಾಲಿ. ಲಾಭವಾದದ್ದು ಹೆಲ್ವಿಯ ತಂಗಿ ಐನೊಗೆ ಮಾತ್ರ. ಒಂದು ಭಾನುವಾರ ಹೆಲ್ವಿ ಫೋನು ಹಚ್ಚಿ, “ಡಬ್ಬಿ ಸಿಕ್ಕಿತು ಕಣೇ,” ಅಂದು ಅಳಲು ಶುರುಮಾಡಿದವಳು ಊಟದ ಹೊತ್ತಿಗೆ ನಿಲ್ಲಿಸಿದಳು.

ಸುಲೊನಿಗೆ ಇಲ್ಮೊನ ಮೇಲಿನ ಸಿಟ್ಟು ಒಂದು ತೂಕದ್ದು, ಹೊತ್ತು ನಡೆಯಬಹುದಾದದ್ದು. ಹೊರಲಾರದ್ದು ಬೇರೆಯೇ ಇತ್ತು. ಬದುಕಿನಲ್ಲಿ ಮೊದಲ ಸಲ ತನ್ನ ಕೈಯನ್ನು ಅರ್ಥಮಾಡಿಕೊಂಡವನೊಬ್ಬ ಸಿಕ್ಕಿದ್ದ. ಅವನೂ ಇಲ್ಮೊನ ಅಂಗಡಿಯ ಮಾಲು.

ಅಕ್ಟೋಬರಿನಲ್ಲಿ, ಕಡವೆ ಬೇಟೆ ಶುರುವಾದ ಮೇಲೆ, ಒಂದು ಗುರುವಾರ ಇಲ್ಮೊ ಬಾಗಿಲಿಗೆ ಬಂದ. ತಟ್ಟಲಿಲ್ಲ, ಯಾವತ್ತಿನಂತೆ ಬೂಟು ಬಿಚ್ಚಿಟ್ಟು ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತ. ಸುಲೊ ಮೇಜಿನ ಆಚೆ ತುದಿಯಲ್ಲಿದ್ದ, ಹೆಲ್ವಿ ಒಲೆಯ ಹತ್ತಿರ.

“ಚಳಿ ಆಯ್ತಲ್ಲ,” ಅಂದ ಇಲ್ಮೊ.

ಹೆಲ್ವಿ ಒಲೆಯ ಕಡೆ ತಿರುಗಿದಳು.

“ನಾನು ಒಂದು ದಿನಾನಾದ್ರೂ ಅದನ್ನ ಅಸಲಿ ಅಂದಿದ್ನಾ ಸುಲೊ? ನೆನಪು ಮಾಡ್ಕೋ. ನೋಡು ಅಂದೆ. ಅಂದೋನು ನೀನು.”

ಸುಲೊ ನೆನಪು ಮಾಡಿಕೊಂಡ. ನಿಜ, ಅಂದಿರಲಿಲ್ಲ.

“ಕೆರೆಗೆ ಬಿತ್ತು ಅಂದ್ಯಲ್ಲೋ.”

“ಬಿತ್ತು ಮತ್ತೆ. ಬಿದ್ದದ್ದು ಸುಳ್ಳಲ್ಲ. ಎರಡು ಬೇಸಿಗೆ ನೀರಲ್ಲೇ ಇತ್ತು, ಆಮೇಲೆ ಬಲೆಗೆ ಸಿಕ್ತು. ಬಿತ್ತು ಅಂದೆ, ಎತ್ತಲಿಲ್ಲ ಅಂತ ಅಂದ್ನಾ?” ಇಲ್ಮೊ ಅರ್ಧ ನಕ್ಕ. ತನ್ನ ಮಾತಿನ ಹೊಲಿಗೆ ಎಲ್ಲೂ ಬಿಟ್ಟಿಲ್ಲವೆಂಬ ಸಣ್ಣ ಹೆಮ್ಮೆ ಅವನಿಂದ ಮುಚ್ಚಿಡಲಾಗಲಿಲ್ಲ. “ನೀರಿಂದ ತೆಗೆದಾಗ ನೀನೇ ಗುರುತು ಹಿಡಿಯಲ್ಲ ಅನ್ನಿಸ್ತು. ಹಿಡೀಲೂ ಇಲ್ಲ.”

ಸುಲೊ ತನ್ನ ಎಡಗೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹೋಗ್ಲಿ ಬಿಡು,” ಅಂದ ಇಲ್ಮೊ. “ಆಗಿದ್ದು ಆಯ್ತು. ಆ ಕಾಲು ಇನ್ನು ಪ್ರಯೋಜನಕ್ಕಿಲ್ಲ, ಅದರ ಮೇಲೆ ನಿನ್ನ ಎಲೆ ಕೂತಿದೆ. ಇನ್ನೊಂದು ಮಾಡ್ಕೊಡು. ಎಲೆ ಹಾಕ್ಕೊಂಡೇ ಮಾಡು, ನನ್ನದೇನೂ ಅಭ್ಯಂತರ ಇಲ್ಲ.”

“ಬೇಟೆ ಬಂದೂಕಿಗಾ?” ಅಂದ ಸುಲೊ.

“ಬೇಟೆ ಬಂದೂಕಿಗೆ ಅಂತಲೇ ಇಟ್ಕೋ.”

ಇಷ್ಟು ಹೇಳಿ ಇಲ್ಮೊ ಬೆನ್ನು ಒರಗಿಸಿ ಕಾದ. ಒಲೆಯ ಮೇಲೆ ಕಾಫಿ ಪಾತ್ರೆ ಇತ್ತು. ಹೆಲ್ವಿ ಅದರ ಪಕ್ಕದಲ್ಲೇ ನಿಂತಿದ್ದಳು, ಸೌದೆ ಕೈಯಳತೆಯಲ್ಲಿತ್ತು. ಆ ಸೀಮೆಯಲ್ಲಿ ಸಾಲ ಕೇಳಲು ಬಂದವನಿಗೂ, ಜಪ್ತಿಗೆ ಬಂದವನಿಗೂ ಮೊದಲು ಕಾಫಿ, ಆಮೇಲೆ ಮಾತು. ಹೆಲ್ವಿ ಪಾತ್ರೆಯನ್ನು ಒಲೆಯಿಂದ ಎತ್ತಿ, ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಮೇಜಿನಿಂದ ಇಲ್ಮೊನ ಮೂರನೇ ಲೋಟ ತೆಗೆದಳು. ನಾಲ್ಕನೆಯದನ್ನು ತೆಗೆಯಲು ಕೈ ಚಾಚಿ, ಗಂಡನ ಮುಖ ನೋಡಿ, ಅದನ್ನು ಅಲ್ಲೇ ಬಿಟ್ಟಳು.

ಇಲ್ಮೊ ಕಪಾಟನ್ನು ನೋಡಿದ. ಖಾಲಿಯಾದ ತನ್ನ ಜಾಗವನ್ನು ನೋಡಿದ. ಹೌದು ಇಲ್ಲಗಳ ನಡುವೆ ನುಸುಳುವ ಸಂದು ಇಲ್ಲಿರಲಿಲ್ಲ. ಎದ್ದು, ಹೊಸ್ತಿಲಲ್ಲಿ ಬಗ್ಗಿ ಬೂಟು ಹಾಕಿಕೊಂಡ. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.